ಕೀಲುನೋವಿನ ವಂಶಾವಳಿ

ಕೀಲುನೋವಿಗೆ ನಮ್ಮ ಕಡೆಯ ಜನ ಕೊಡುವ ವಿವರಣೆ ಎರಡೇ ಎರಡು. ‘ವಾಯು ಹಿಡಿದಿದೆ’ ಎಂಬುದು ಒಂದು. ‘ಇದು ನಮ್ಮ ಮನೆತನದಲ್ಲೇ ಇದೆ’ ಎಂಬುದು ಇನ್ನೊಂದು. ಕಲಬುರಗಿಯ ಮಗ್ಗುಲಲ್ಲಿರುವ ಶರಣಸಿರಸಗಿಯಲ್ಲಿ ಕೇಳಿದರೂ ಸರಿ, ನಗರದ ಸೂಪರ್ ಮಾರ್ಕೆಟ್ಟಿನಲ್ಲಿ ಔಷಧದ ಅಂಗಡಿಯ ಮುಂದೆ ನಿಂತು ಕೇಳಿದರೂ ಸರಿ, ಉತ್ತರ ಹೆಚ್ಚು ಬದಲಾಗದು. “ನಮ್ಮವ್ವಗೂ ಇದೇ ಬ್ಯಾನಿ ಇತ್ತರಿ, ಈಗ ನನಗೂ ಬಂದದ” ಎನ್ನುತ್ತಾರೆ. ಹಾಗೆಂದ ಮೇಲೆ ಮಾತೂ ಮುಗಿಯಿತು, ಉಪಚಾರದ ಯೋಚನೆಯೂ ಮುಗಿಯಿತು. ಮನೆತನದಿಂದ ಬಂದದ್ದಕ್ಕೆ ಮದ್ದೇನು?

ವಾಚಕರೆ, ಈ ಉತ್ತರದಲ್ಲಿ ಸತ್ಯವಿದೆ. ಆದರೆ ಎಷ್ಟು ಸತ್ಯವಿದೆ ಎಂಬುದನ್ನು ಅಳೆಯಬೇಕು. ಏಕೆಂದರೆ ಅದೇ ಮಾತನ್ನು ಹಿಡಿದು ತಾಯಿಗೆ ಬೆರಳು ಸೊಟ್ಟಗಾಗಿದೆಯೆಂದು ಮಗಳ ಸಂಬಂಧವನ್ನು ಬೇಡವೆನ್ನುವವರಿದ್ದಾರೆ. ಅದೇ ಮಾತನ್ನು ನಂಬಿ, ಕೀಲು ಉಳಿಸಿಕೊಳ್ಳಬಹುದಾಗಿದ್ದ ಮೊದಲ ವರ್ಷವನ್ನು ಎಣ್ಣೆ ತಿಕ್ಕುತ್ತ ಕಳೆದುಕೊಳ್ಳುವವರೂ ಇದ್ದಾರೆ. ಮನೆತನದಿಂದ ಬರುವುದು ಏನು, ಬಾರದಿರುವುದು ಏನು ಎಂದು ಕಂಡುಕೊಳ್ಳಲು ವೈದ್ಯಶಾಸ್ತ್ರಕ್ಕೆ ಇನ್ನೂರು ವರ್ಷ ಹಿಡಿಯಿತು. ಆ ಇನ್ನೂರು ವರ್ಷದ ಕಥೆಯನ್ನೇ ಇಲ್ಲಿ ತಮ್ಮ ಮುಂದಿಡುತ್ತೇನೆ.

ಮೊದಲು ನಾವು ಯಾವ ಕೀಲುನೋವಿನ ಮಾತು ಆಡುತ್ತಿದ್ದೇವೆಂಬುದು ಸ್ಪಷ್ಟವಾಗಲಿ. ಅರವತ್ತು ದಾಟಿದವರಿಗೆ ಮೆಟ್ಟಿಲು ಹತ್ತುವಾಗ ಮೊಣಕಾಲು ನೋಯುವುದುಂಟು. ಅದು ಬಹುಮಟ್ಟಿಗೆ ಸವೆತದ ನೋವು. ಅದರ ದಾರಿ ಬೇರೆ. ಇಲ್ಲಿ ಹೇಳುತ್ತಿರುವುದು ರುಮಟಾಯ್ಡ್ ಸಂಧಿವಾತ. ಇದು ಮೂವತ್ತು, ನಲವತ್ತರ ಪ್ರಾಯದಲ್ಲೇ ಬರಬಹುದು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಎರಡೂ ಕೈಗಳ ಬೆರಳಿನ ಬುಡದ ಗಂಟುಗಳು, ಮಣಿಕಟ್ಟು, ಕಾಲ್ಬೆರಳ ಬುಡ ಇವು ಒಟ್ಟಿಗೇ ಬಾತುಕೊಳ್ಳುತ್ತವೆ. ಬೆಳಗ್ಗೆ ಎದ್ದಾಗ ಕೈ ಮರಗಟ್ಟಿದಂತೆ ಬಿಗಿದಿರುತ್ತದೆ; ಆ ಬಿಗಿತ ಸಡಿಲಾಗಲು ಒಂದು ತಾಸು, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ನಮ್ಮ ಸೀಮೆಯ ಅಡಿಗೆಮನೆಯಲ್ಲಿ ಇದರ ಗುರುತು ಬಹಳ ಸುಲಭ. ಸಂಜೆ ಜೋಳದ ರೊಟ್ಟಿ ಬಡಿಯಬಲ್ಲ ಕೈ ಬೆಳಗ್ಗೆ ಹಿಟ್ಟು ನಾದಲಾರದು.

ಈ ರೋಗವನ್ನು ಎಷ್ಟು ಹಿಂದೆ ಗುರುತಿಸಿದ್ದರು? ಆಯುರ್ವೇದದಲ್ಲಿ ಮಾಧವಕರನು ತನ್ನ ‘ಮಾಧವನಿದಾನ’ ಗ್ರಂಥದಲ್ಲಿ ಆಮವಾತಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟನು. ಕೈಕಾಲಿನ ಸಂದುಗಳಲ್ಲಿ ಬಾವು, ಚೇಳು ಕಡಿದಂಥ ನೋವು, ಜ್ವರ, ಅಗ್ನಿಮಾಂದ್ಯ ಇವೆಲ್ಲ ಅಲ್ಲಿ ಬರುತ್ತವೆ. ಆ ವರ್ಣನೆಯೊಳಗೆ ಇಂದು ನಾವು ಬೇರೆ ಬೇರೆ ಹೆಸರಿನಿಂದ ಕರೆಯುವ ಒಂದಕ್ಕಿಂತ ಹೆಚ್ಚು ರೋಗಗಳು ಸೇರಿರಬಹುದು. ಆದರೆ ‘ವಾತ’ವೆಂಬ ದೊಡ್ಡ ಗುಂಪಿನಿಂದ ಬಾವಿನ ಸಂಧಿರೋಗವನ್ನು ಬೇರೆ ಮಾಡಿ ನೋಡಿದ ದೃಷ್ಟಿ ಅಲ್ಲಿ ಕಾಣುತ್ತದೆ.

ಯೂರೋಪಿನಲ್ಲಿ ಈ ಕೆಲಸ ಆದದ್ದು ತಡವಾಗಿ. ಅಲ್ಲಿ ಬಹುಕಾಲ ಕೀಲು ಬಾತರೆ ಅದು ‘ಗೌಟ್’ ಎಂಬ ಹೆಸರಿಗೇ ಸೇರುತ್ತಿತ್ತು. ಗೌಟ್ ಎಂದರೆ ಉಂಡುಟ್ಟು ಬೆಳೆದ ಸಿರಿವಂತ ಗಂಡಸಿನ ರೋಗವೆಂಬ ಕಲ್ಪನೆ. 1800ರಲ್ಲಿ ಪ್ಯಾರಿಸ್ಸಿನ ಸಾಲ್ಪೆತ್ರಿಯೇರ್ ಆಸ್ಪತ್ರೆಯ ತರುಣ ವೈದ್ಯ ಲಾಂದ್ರೆ-ಬೊವೆ ತನ್ನ ಪ್ರಬಂಧದಲ್ಲಿ ಒಂಬತ್ತು ಮಂದಿ ಹೆಂಗಸರ ರೋಗವನ್ನು ವರ್ಣಿಸಿದನು. ಅವರು ಬಡವರು, ಕೃಶರಾದವರು. ಕೀಲುಗಳು ಒಂದರ ಮೇಲೊಂದು ಬಾತು ದೀರ್ಘಕಾಲ ನರಳಿದವರು. ಇದು ಸಾಧಾರಣ ಗೌಟ್ ಅಲ್ಲ ಎಂದು ಅವನು ತೋರಿಸಿದನು. ಇಂದಿನ ವೈದ್ಯರು ರುಮಟಾಯ್ಡ್ ಸಂಧಿವಾತದ ಮೊದಲ ಸ್ಪಷ್ಟ ವರದಿಯೆಂದು ಎಣಿಸುವುದು ಅದನ್ನೇ.

ಇಂದಿನ ಹೆಸರನ್ನು ಕೊಟ್ಟವನು ಲಂಡನ್ನಿನ ಆಲ್ಫ್ರೆಡ್ ಗ್ಯಾರಡ್. ಗೌಟ್ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿರುವುದನ್ನು ಅವನು 1848ರಲ್ಲಿ ಕಂಡನು. ಇನ್ನೊಂದು ಬಗೆಯ ಕೀಲುರೋಗದಲ್ಲಿ ಆ ಆಮ್ಲ ಹೆಚ್ಚಿರಲಿಲ್ಲ. ಹಾಗಾದರೆ ಎರಡೂ ಒಂದೇ ರೋಗವಾಗಲಾರವು. 1859ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಎರಡನೆಯದಕ್ಕೆ ‘ರುಮಟಾಯ್ಡ್ ಆರ್ಥ್ರೈಟಿಸ್’ ಎಂದು ಹೆಸರಿಟ್ಟನು. ರಕ್ತವನ್ನು ಕೇಳಿ ಕೀಲಿನ ರೋಗವನ್ನು ಗುರುತಿಸುವ ಪದ್ಧತಿ ಅಲ್ಲಿಂದ ಆರಂಭವಾಯಿತೆನ್ನಬಹುದು.

ಈ ಗ್ಯಾರಡ್ ಮನೆತನದ ಮಾತು ಇನ್ನೂ ಸ್ವಲ್ಪ ಇದೆ. ಆಲ್ಫ್ರೆಡನ ಮಗ ಆರ್ಚಿಬಾಲ್ಡ್ ಗ್ಯಾರಡ್ ಕೂಡ ವೈದ್ಯನಾದನು; ತಂದೆಯಂತೆ 1890ರಲ್ಲಿ ಸಂಧಿವಾತದ ಬಗ್ಗೆ ಪುಸ್ತಕ ಬರೆದನು. ಆದರೆ ಅವನ ಹೆಸರು ನಿಂತದ್ದು ಬೇರೆ ಕಾರಣಕ್ಕೆ. ಕೆಲವು ಕೂಸುಗಳ ಮೂತ್ರ ಗಾಳಿಗೆ ಕಪ್ಪಾಗುತ್ತದೆ. ಆಲ್ಕಾಪ್ಟೋನೂರಿಯ ಎಂಬುದು ಅದರ ಹೆಸರು. ಅಂಥವರ ಕೀಲುಗಳೂ ಮುಂದೆ ಕೆಡುತ್ತವೆ. ಈ ಕೂಸುಗಳ ತಂದೆತಾಯಿಗಳಲ್ಲಿ ಹಲವರು ಒಡಹುಟ್ಟಿದವರ ಮಕ್ಕಳೇ ಆಗಿರುವುದನ್ನು ಅವನು ಗಮನಿಸಿದನು. 1902ರಲ್ಲಿ ಅವನು ಬರೆದ ಲೇಖನದಿಂದ, ಮೆಂಡೆಲ್ ಬಟಾಣಿ ಗಿಡದಲ್ಲಿ ಕಂಡ ಆನುವಂಶಿಕ ನಿಯಮ ಮನುಷ್ಯನ ರೋಗಕ್ಕೂ ಅನ್ವಯಿಸುತ್ತದೆಂಬುದು ತಿಳಿಯಿತು. ತಂದೆ ಕೀಲುರೋಗಕ್ಕೆ ಹೆಸರು ಕೊಟ್ಟ. ಮಗ ವಂಶದ ರೋಗಕ್ಕೆ ಲೆಕ್ಕ ಕೊಟ್ಟ. ಈ ಎರಡೂ ಒಂದೆಡೆ ಕೂಡಲು ಮಾತ್ರ ಇನ್ನೂ ಮುಕ್ಕಾಲು ಶತಮಾನ ಬೇಕಾಯಿತು.

ಅಷ್ಟರಲ್ಲಿ ರಕ್ತದ ಕಡೆಯಿಂದ ಒಂದು ವಿಚಿತ್ರ ಸುದ್ದಿ ಬಂತು. ಸಿಡುಬು, ಗಂಟಲುಮಾರಿಗಳಂಥ ರೋಗಗಳು ಬಂದಾಗ ನಮ್ಮ ರಕ್ತವು ಆ ರೋಗಾಣುವನ್ನು ಹಿಡಿಯಲು ಪ್ರತಿಕಾಯಗಳೆಂಬ ಪ್ರೋಟೀನುಗಳನ್ನು ತಯಾರಿಸುತ್ತದೆ. ಅವು ಊರು ಕಾಯುವ ತಳವಾರರಿದ್ದಂತೆ. ತಳವಾರನು ಮನೆಯವರನ್ನೇ ಕಳ್ಳರೆಂದು ಹಿಡಿಯಲು ಸಾಧ್ಯವೇ? ಇಪ್ಪತ್ತನೆಯ ಶತಮಾನ ಆರಂಭವಾಗುವ ಹೊತ್ತಿಗೆ ಜರ್ಮನಿಯ ಪಾಲ್ ಏರ್ಲಿಖ್ ಈ ಪ್ರಶ್ನೆ ಎತ್ತಿ, ದೇಹವು ತನ್ನನ್ನು ತಾನು ವಿಷವಿಕ್ಕಿಕೊಳ್ಳಲು ಹೇಸುತ್ತದೆ, ಅದಕ್ಕೆ ತಡೆ ಇದ್ದೇ ಇರಬೇಕು ಎಂದನು. ಅವನ ಮಾತಿನ ತೂಕ ಎಷ್ಟಿತ್ತೆಂದರೆ, ಇದಕ್ಕೆ ವಿರುದ್ಧವಾದ ಪುರಾವೆಗಳು ಆಗಾಗ ಕಂಡರೂ ಹಲವು ದಶಕ ಯಾರೂ ಅವನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

1937ರಲ್ಲಿ ನಾರ್ವೆ ದೇಶದ ಎರಿಕ್ ವಾಲರ್ ಎಂಬ ವೈದ್ಯ ಪ್ರಯೋಗಾಲಯದಲ್ಲಿ ಒಂದು ಸಂಗತಿ ಕಂಡನು. ಅವನ ಪರೀಕ್ಷೆಗೆ ಕುರಿಯ ಕೆಂಪು ರಕ್ತಕಣಗಳು ಬೇಕಾಗಿದ್ದವು. ಆ ಕಣಗಳ ಮೇಲೆ ಮೊಲದಿಂದ ತೆಗೆದ ಪ್ರತಿಕಾಯಗಳು ಲೇಪವಾಗಿದ್ದವು. ರುಮಟಾಯ್ಡ್ ಸಂಧಿವಾತದ ಒಬ್ಬ ರೋಗಿಯ ಸೀರಮನ್ನು ಬೆರೆಸಿದಾಗ ಕಣಗಳೆಲ್ಲ ಒಂದಕ್ಕೊಂದು ಅಂಟಿ ಗಡ್ಡೆಗಟ್ಟಿದವು. ಅವನು ಇದನ್ನು ಬೆನ್ನು ಹತ್ತಿ 1940ರಲ್ಲಿ ಪ್ರಕಟಿಸಿದನು. ಆಗ ಯುದ್ಧ ನಡೆದಿತ್ತು. ಜಗತ್ತು ಅದನ್ನು ಹೆಚ್ಚು ಗಮನಿಸಲಿಲ್ಲ. 1948ರಲ್ಲಿ ನ್ಯೂಯಾರ್ಕಿನ ಹ್ಯಾರಿ ರೋಸ್ ಮತ್ತು ಸಂಗಡಿಗರು ಸ್ವತಂತ್ರವಾಗಿ ಅದೇ ಸಂಗತಿಯನ್ನು ಮತ್ತೆ ಕಂಡರು. ಅದಕ್ಕೇ ಆ ಪರೀಕ್ಷೆಗೆ ವಾಲರ್-ರೋಸ್ ಪರೀಕ್ಷೆಯೆಂಬ ಜೋಡು ಹೆಸರು ಬಂತು. 1956ರಲ್ಲಿ ಸಿಂಗರ್ ಮತ್ತು ಪ್ಲಾಟ್ಸ್ ಕುರಿಯ ರಕ್ತಕಣದ ಬದಲು ಲೇಟೆಕ್ಸಿನ ಸಣ್ಣ ಕಣ ಬಳಸಿ ಪರೀಕ್ಷೆಯನ್ನು ಸುಲಭ ಮಾಡಿದರು.

ಇದರ ಅರ್ಥವೇನು? 1957ರ ಸುಮಾರಿಗೆ ಅಮೆರಿಕದ ಹೆನ್ರಿ ಕುಂಕೆಲ್ ಮತ್ತು ಸಹೋದ್ಯೋಗಿಗಳು ಇದರ ಗುಟ್ಟು ತಿಳಿಸಿದರು. ರೋಗಿಯ ರಕ್ತದಲ್ಲಿ ಒಂದು ದೊಡ್ಡ ಪ್ರತಿಕಾಯವಿದೆ. ಅದು ಹಿಡಿಯುವುದು ರೋಗಾಣುವನ್ನಲ್ಲ, ಬೇರೆ ಪ್ರತಿಕಾಯಗಳನ್ನು. ತಳವಾರನೇ ತಳವಾರನ ಕೊರಳಪಟ್ಟಿ ಹಿಡಿದ ಹಾಗೆ! ತನ್ನದೇ ದೇಹದ ವಸ್ತುವಿನ ವಿರುದ್ಧ ನಿಲ್ಲುವ ಇಂಥದನ್ನು ಸ್ವಪ್ರತಿಕಾಯವೆಂದು ಕರೆಯುತ್ತಾರೆ. ಏರ್ಲಿಖನು ಆಗದೆಂದದ್ದು ಆಗುತ್ತದೆ ಎಂಬುದು ಆ ದಶಕದಲ್ಲೇ ಗಳಗಂಡ ಮೊದಲಾದ ಇತರ ಅಂಗಗಳ ರೋಗಗಳಿಂದಲೂ ದೃಢಪಟ್ಟಿತು.

ಇಂದು ಕಲಬುರಗಿಯ ಯಾವುದೇ ಪ್ರಯೋಗಾಲಯದಲ್ಲಿ ‘ಆರ್ ಎ ಫ್ಯಾಕ್ಟರ್’ ಎಂದು ಚೀಟಿ ಬರೆಯುತ್ತಾರಲ್ಲ, ಅದು ವಾಲರನ ಕುರಿಯ ರಕ್ತದ ವಂಶದ್ದೇ. ಆದರೆ ಒಂದು ಎಚ್ಚರಿಕೆ. ಆ ಪ್ರತಿಕಾಯ ಕೆಲವು ಆರೋಗ್ಯವಂತರಲ್ಲೂ, ವಯಸ್ಸಾದವರಲ್ಲೂ, ಕ್ಷಯ, ಕುಷ್ಠದಂಥ ದೀರ್ಘ ಸೋಂಕಿನವರಲ್ಲೂ ಕಾಣುವುದುಂಟು. ರೋಗವಿರುವ ಕೆಲವರಲ್ಲಿ ಕಾಣದೆಯೂ ಇರುವುದುಂಟು. ಆದ್ದರಿಂದ ಚೀಟಿಯಲ್ಲಿ ‘ಪಾಸಿಟಿವ್’ ಎಂದು ಬಂದಾಕ್ಷಣ ಎದೆಗುಂದಬೇಕಾಗಿಲ್ಲ. ‘ನೆಗೆಟಿವ್’ ಎಂದು ಬಂದಾಕ್ಷಣ ಬಾತ ಬೆರಳನ್ನು ಮರೆಯಲೂಬಾರದು.

ರಕ್ತವು ತನ್ನವರ ಮೇಲೆ ತಿರುಗಿ ಬೀಳುತ್ತದೆಂಬುದು ತಿಳಿಯಿತು. ಆದರೆ ಎಲ್ಲರ ರಕ್ತವೂ ಹೀಗೆ ಮಾಡದು; ಕೆಲವರದು ಮಾತ್ರ ಏಕೆ ಮಾಡಬೇಕು? ಇಲ್ಲಿ ಮತ್ತೆ ಮನೆತನದ ಮಾತು ಬರುತ್ತದೆ. ಕೀಲುರೋಗ ಅಚ್ಚುಕಟ್ಟಾಗಿ ಮನೆತನದಿಂದಲೇ ಬಂದರೆ ಹೇಗಿರುತ್ತದೆಂಬುದಕ್ಕೆ ನಮ್ಮ ನಾಡಿನಲ್ಲೇ ಒಂದು ಉದಾಹರಣೆಯಿದೆ. ಅದನ್ನು ಮೊದಲು ನೋಡಿದರೆ ರುಮಟಾಯ್ಡ್ ರೋಗದ ದಾರಿ ಎಷ್ಟು ಬೇರೆಯೆಂಬುದು ತಿಳಿಯುತ್ತದೆ.

ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು ಒಂದು ಮಲೆನಾಡಿನ ಹಳ್ಳಿ. 1974-75ರ ಸುಮಾರಿಗೆ ಅಲ್ಲಿನ ಬಡ ದಲಿತ ಕೃಷಿಕಾರ್ಮಿಕರ ಮನೆಗಳಲ್ಲಿ ಸೊಂಟದ ಕೀಲು, ಮೊಣಕಾಲುಗಳು ನೋಯುವ ರೋಗ ಹೊರಜಗತ್ತಿನ ಗಮನಕ್ಕೆ ಬಂತು. ಚಿಕ್ಕ ಪ್ರಾಯದವರೇ ನಡೆಯಲಾರದೆ ಬಾಗುತ್ತಿದ್ದರು. ಕೆಲವರು ಕೈಯೂರಿಕೊಂಡು ಸಾಗುವ ಸ್ಥಿತಿ ತಲುಪಿದ್ದರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ಬಂದು ನೋಡಿದರು. ಗದ್ದೆಗೆ ಹೊಸದಾಗಿ ಕೀಟನಾಶಕ ಸಿಂಪಡಿಸುತ್ತಿದ್ದ ಕಾಲ ಅದು. ಬಡವರು ಅದೇ ಗದ್ದೆಯ ಏಡಿ, ಮೀನು ಹಿಡಿದು ತಿನ್ನುತ್ತಿದ್ದರು. ವಿಷ ಆ ದಾರಿಯಿಂದ ಬಂದಿರಬಹುದೆಂಬ ಶಂಕೆ ಎದ್ದಿತು.

1980ರ ದಶಕದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ವಿಸ್ತಾರವಾದ ತನಿಖೆಯನ್ನು ಕೈಗೊಂಡಿತು. ಮನೆಮನೆಯ ವಂಶವೃಕ್ಷ ಬರೆದು ನೋಡಿದಾಗ ಚಿತ್ರ ಬದಲಾಯಿತು. ರೋಗಿಯಾದ ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ, ಅವರಿಂದ ಮೊಮ್ಮಕ್ಕಳಿಗೆ ಅದು ಇಳಿದು ಬಂದಿತ್ತು. ಒಂದೇ ಪ್ರಬಲ ಜೀನಿನಿಂದ ಬರುವ ರೋಗದ ರೀತಿ ಇದು. ಪ್ರತಿ ಮಗುವಿಗೂ ಬರುವ ಸಂಭವ ನೂರಕ್ಕೆ ಐವತ್ತು. ಮೂಳೆ ಬೆಳೆಯುವ ಕ್ರಮದಲ್ಲೇ ಇರುವ ದೋಷವೆಂದೂ, ಕಡಮೆ ಸಂಖ್ಯೆಯ ಜನರೊಳಗೇ ಕೊಟ್ಟು ತರುವ ಸಮುದಾಯವಾದ್ದರಿಂದ ಅಲ್ಲೇ ಕೂಡಿ ನಿಂತಿತೆಂದೂ ವಿಜ್ಞಾನಿಗಳು 1990ರ ದಶಕದಲ್ಲಿ ವರದಿ ಮಾಡಿದರು.

ಈಗ ರುಮಟಾಯ್ಡ್ ಸಂಧಿವಾತಕ್ಕೆ ಬನ್ನಿ. ಇದೂ ಹಂದಿಗೋಡಿನ ರೋಗದಂತೆ ವಂಶದಿಂದ ನೇರವಾಗಿ ಇಳಿಯುವುದಾದರೆ, ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಬಂದಾಗ ಇನ್ನೊಬ್ಬರಿಗೂ ಬರಬೇಕು. ಏಕೆಂದರೆ ಅವರ ಜೀನುಗಳು ಒಂದೇ. 1993ರಲ್ಲಿ ಬ್ರಿಟನ್ನಿನಲ್ಲಿ ಇಂಥ ಅವಳಿಗಳ ಲೆಕ್ಕ ಪ್ರಕಟವಾಯಿತು. ಒಬ್ಬರಿಗೆ ರೋಗವಿದ್ದಾಗ ತದ್ರೂಪಿ ಜೊತೆಗಾರರಿಗೂ ರೋಗವಿದ್ದದ್ದು ನೂರಕ್ಕೆ ಸುಮಾರು 15 ಜೋಡಿಗಳಲ್ಲಿ ಮಾತ್ರ. ತದ್ರೂಪಿಗಳಲ್ಲದ ಅವಳಿಗಳಲ್ಲಿ ಅದು ನೂರಕ್ಕೆ ಸುಮಾರು 4. ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಬೇಕು. ಹದಿನೈದು ನಾಲ್ಕಕ್ಕಿಂತ ದೊಡ್ಡದು. ಆದ್ದರಿಂದ ವಂಶದ ಪಾಲು ಇದೆ. ಹದಿನೈದು ನೂರಕ್ಕಿಂತ ಬಹಳ ಚಿಕ್ಕದು. ಆದ್ದರಿಂದ ವಂಶವೊಂದೇ ಸಾಲದು.

ಆ ವಂಶದ ಪಾಲು ಎಲ್ಲಿ ಅಡಗಿದೆ ಎಂಬುದರ ಮೊದಲ ಸುಳಿವು ಅಮೆರಿಕದ ಡಲ್ಲಾಸ್ ನಗರದಿಂದ ಬಂತು. ನಮ್ಮ ಆರನೆಯ ವರ್ಣತಂತುವಿನಲ್ಲಿ ಎಚ್ಎಲ್ಎ ಎಂಬ ಜೀನುಗಳ ಗುಂಪಿದೆ. ಅದರ ಮೊದಲ ಗುರುತನ್ನು 1958ರಲ್ಲಿ ಫ್ರಾನ್ಸಿನ ಜಾನ್ ದೊಸೆ ಕಂಡನು. 1980ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂತು. ಈ ಜೀನುಗಳ ಕೆಲಸವೇನು? ದೇಹದ ಜೀವಕೋಶಗಳು ತಮ್ಮೊಳಗಿನ ಪ್ರೋಟೀನಿನ ಚೂರುಗಳನ್ನು ಒಂದು ತಟ್ಟೆಯಲ್ಲಿಟ್ಟು ಹೊರಗೆ ತೋರಿಸುತ್ತಿರುತ್ತವೆ. ಕಾವಲುಕೋಶಗಳು ಬಂದು, ಇದು ನಮ್ಮದೋ ಪರಕೀಯವೋ ಎಂದು ನೋಡಿ ಹೋಗುತ್ತವೆ. ಆ ತಟ್ಟೆಯನ್ನು ಮಾಡಿಕೊಡುವುದೇ ಎಚ್ಎಲ್ಎ ಜೀನುಗಳು. ಒಬ್ಬೊಬ್ಬರ ತಟ್ಟೆಯ ತಗ್ಗು ಒಂದೊಂದು ಆಕಾರದ್ದು. ಡಲ್ಲಾಸಿನ ಪೀಟರ್ ಸ್ಟಾಸ್ನಿ 1976ರಿಂದ 1978ರ ನಡುವೆ, ರುಮಟಾಯ್ಡ್ ರೋಗಿಗಳಲ್ಲಿ ಡಿಆರ್4 ಎಂಬ ಬಗೆಯ ತಟ್ಟೆ ಇತರರಿಗಿಂತ ಬಹಳ ಹೆಚ್ಚಾಗಿ ಇದೆಯೆಂದು ತೋರಿಸಿದನು.

ಆದರೆ ಡಿಆರ್4 ಇಲ್ಲದ ರೋಗಿಗಳೂ ಇದ್ದರು. ಅವರ ತಟ್ಟೆಗಳಿಗೂ ಡಿಆರ್4ಗೂ ಏನು ಹೋಲಿಕೆ? 1987ರಲ್ಲಿ ಗ್ರೆಗರ್ಸನ್, ಸಿಲ್ವರ್, ವಿಂಚೆಸ್ಟರ್ ಎಂಬ ಮೂವರು ಉತ್ತರ ಕೊಟ್ಟರು. ತಟ್ಟೆಯ ಪ್ರೋಟೀನಿನ 70ರಿಂದ 74ನೆಯ ಸ್ಥಾನದವರೆಗಿನ ಐದು ಅಮೈನೋ ಆಮ್ಲಗಳ ಸಾಲು ಈ ಎಲ್ಲ ಬಗೆಗಳಲ್ಲೂ ಹೆಚ್ಚುಕಡಮೆ ಒಂದೇ. ನೂರಾರು ಮಣಿಗಳ ಸರದಲ್ಲಿ ಐದು ಮಣಿಗಳ ಹೋಲಿಕೆ! ಭಾರತೀಯರಲ್ಲಿ ಡಿಆರ್4ರ ಜೊತೆಗೆ ಡಿಆರ್10 ಎಂಬ ಬಗೆಯೂ ಈ ರೋಗದೊಡನೆ ಸಂಬಂಧ ಹೊಂದಿದೆಯೆಂದು ದೆಹಲಿಯ ವಿಜ್ಞಾನಿಗಳು ಕಂಡರು. ಅದರಲ್ಲೂ ಇದೇ ಐದು ಮಣಿಗಳ ಹೋಲಿಕೆಯಿದೆ.

ಇಷ್ಟಾದರೂ ತಟ್ಟೆಗೂ ಸ್ವಪ್ರತಿಕಾಯಕ್ಕೂ ನಡುವಿನ ಕೊಂಡಿ ಸಿಕ್ಕಿರಲಿಲ್ಲ. ಅದು ಸಿಕ್ಕದ್ದು ಹಾಲೆಂಡಿನಲ್ಲಿ. 1964ರಲ್ಲೇ ಅಲ್ಲಿನ ನೀನ್‌ಹೌಸ್ ಮತ್ತು ಮಾಂಡೆಮ, ರುಮಟಾಯ್ಡ್ ರೋಗಿಗಳ ಸೀರಮು ಮನುಷ್ಯನ ಕೆನ್ನೆಯ ಒಳಚರ್ಮದ ಕೋಶಗಳಿಗೆ ಅಂಟುತ್ತದೆಂದು ಕಂಡಿದ್ದರು. ಅದು ಏನಕ್ಕೆ ಅಂಟುತ್ತಿದೆಯೆಂಬುದು ಮೂವತ್ತು ವರ್ಷಕ್ಕೂ ಮೀರಿ ಒಗಟಾಗಿಯೇ ಉಳಿಯಿತು. 1998ರಲ್ಲಿ ಅದೇ ದೇಶದ ಸ್ಕೆಲೆಕೆನ್ಸ್ ಮತ್ತು ಸಂಗಡಿಗರು ಒಗಟು ಬಿಡಿಸಿದರು. ಅಂಟುತ್ತಿದ್ದದ್ದು ಸಿಟ್ರುಲಿನ್ ಎಂಬ ಅಮೈನೋ ಆಮ್ಲಕ್ಕೆ.

ಈ ಸಿಟ್ರುಲಿನ್ ಎಂಬ ಹೆಸರು ಬಂದದ್ದು ನಮ್ಮ ಬೇಸಿಗೆಯ ಗೆಳೆಯ ಕಲ್ಲಂಗಡಿಯ ಶಾಸ್ತ್ರೀಯ ನಾಮದಿಂದ. ಜಪಾನಿನ ವಿಜ್ಞಾನಿಗಳು ಅದನ್ನು ಮೊದಲು ಆ ಹಣ್ಣಿನಿಂದಲೇ ಬೇರ್ಪಡಿಸಿದ್ದರು. ಹಾಗೆಂದು ಯಾರೂ ಕಲ್ಲಂಗಡಿಯನ್ನು ದೂರವಿಡಬೇಡಿ! ಹಣ್ಣಿನಿಂದ ಬರುವ ಸಿಟ್ರುಲಿನ್ನಿಗೂ ಈ ರೋಗಕ್ಕೂ ಸಂಬಂಧವಿಲ್ಲ. ಇಲ್ಲಿ ನಡೆಯುವುದು ಬೇರೆ. ನಮ್ಮ ಪ್ರೋಟೀನುಗಳಲ್ಲಿ ಆರ್ಜಿನಿನ್ ಎಂಬ ಅಮೈನೋ ಆಮ್ಲವಿದೆ. ಕೋಶಗಳು ಘಾಸಿಗೊಂಡಾಗ, ಬಾವು ಬಂದಾಗ ಒಂದು ಕಿಣ್ವವು ಆ ಆರ್ಜಿನಿನ್ನನ್ನು ಸಿಟ್ರುಲಿನ್ನಾಗಿ ಮಾರ್ಪಡಿಸುತ್ತದೆ. ಮನೆಯ ಮಗನೇ ಪರದೇಶದ ಪೋಷಾಕು ತೊಟ್ಟು ಬಾಗಿಲಿಗೆ ಬಂದ ಹಾಗೆ.

ಕೊಂಡಿ ಇಲ್ಲಿದೆ. ಆ ಐದು ಮಣಿಗಳ ತಟ್ಟೆಯ ತಗ್ಗಿನಲ್ಲಿ ಧನ ವಿದ್ಯುದಂಶವಿದೆ. ಆರ್ಜಿನಿನ್ನಿಗೂ ಧನ ವಿದ್ಯುದಂಶವೇ. ಒಂದೇ ಬಗೆಯ ಎರಡು ಅಂಶಗಳು ಒಂದನ್ನೊಂದು ತಳ್ಳುತ್ತವೆಂಬುದನ್ನು ತಾವೆಲ್ಲ ಶಾಲೆಯಲ್ಲಿ ಓದಿದ್ದೀರಿ. ಆದ್ದರಿಂದ ಸಹಜ ಚೂರು ಆ ತಟ್ಟೆಯಲ್ಲಿ ಕೂಡದು. ಸಿಟ್ರುಲಿನ್ನಿಗೆ ವಿದ್ಯುದಂಶವಿಲ್ಲ, ವೇಷ ಬದಲಿಸಿದ ಚೂರು ಅಲ್ಲಿ ಹಾಯಾಗಿ ಕೂಡುತ್ತದೆ. ಕಾವಲುಕೋಶ ಬಂದು ನೋಡುತ್ತದೆ; ಪರಿಚಯವಿಲ್ಲದ ವೇಷ; ಕೂಗು ಹಾಕುತ್ತದೆ. ಕೂಗು ಕೇಳಿ ಪ್ರತಿಕಾಯಗಳು ತಯಾರಾಗುತ್ತವೆ. ಇವನ್ನು ಹುಡುಕುವ ರಕ್ತಪರೀಕ್ಷೆಯೇ ಇಂದು ವೈದ್ಯರು ಬರೆದುಕೊಡುವ ‘ಆಂಟಿ ಸಿಸಿಪಿ’. ವಾಲರ್ ವಂಶದ ಹಳೆಯ ಪರೀಕ್ಷೆಗಿಂತ ಇದರ ಸಾಕ್ಷ್ಯ ಹೆಚ್ಚು ನಂಬಲರ್ಹ.

ಆಮೇಲಿನ ವರ್ಷಗಳಲ್ಲಿ ಇತರ ಜೀನುಗಳೂ ಒಂದೊಂದಾಗಿ ಹೊರಬಿದ್ದವು. 2003ರಲ್ಲಿ ಜಪಾನಿನವರು ಆ ಕಿಣ್ವದ ಜೀನಿನಲ್ಲೇ ಒಂದು ವ್ಯತ್ಯಾಸ ಕಂಡರು. 2004ರಲ್ಲಿ ಅಮೆರಿಕದವರು ಪಿಟಿಪಿಎನ್22 ಎಂಬ ಜೀನಿನ ಒಂದು ಬದಲಾವಣೆಯನ್ನು ಕಂಡರು. ಅದು ಯೂರೋಪಿನ ಮೂಲದವರಲ್ಲಿ ಮುಖ್ಯವಾದದ್ದು. ನಮ್ಮ ಜನರಲ್ಲಿ ಅಪರೂಪ. 2014ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಜೀನುಗಳನ್ನು ಹೋಲಿಸಿ, ಈ ರೋಗಕ್ಕೆ ಸಂಬಂಧಿಸಿದ 101 ತಾಣಗಳನ್ನು ಪಟ್ಟಿ ಮಾಡಿದರು. ಹಂದಿಗೋಡಿನಲ್ಲಿ ಒಂದು ಜೀನು. ಇಲ್ಲಿ ನೂರೊಂದು ತಾಣ, ಬಹುಪಾಲು ಒಂದೊಂದರದೂ ಎಳ್ಳಷ್ಟು ಪಾಲು. ಇಡಿಯಾಗಿ ಅವನ್ನು ಒಬ್ಬ ತಾಯಿ ಮಗಳಿಗೆ ಉಡಿ ತುಂಬಿ ಕಳಿಸಲಾರಳು. ಅರ್ಧ ತಾಯಿಯದು, ಅರ್ಧ ತಂದೆಯದು; ಪ್ರತಿ ಕೂಸಿಗೂ ಹೊಸ ಹಂಚಿಕೆ.

ಉಳಿದದ್ದು ಹೊರಗಿನಿಂದ ಬರುತ್ತದೆ. 2006ರಲ್ಲಿ ಸ್ವೀಡನ್ನಿನ ಲಾರ್ಸ್ ಕ್ಲಾರೆಸ್ಕೋಗ್ ಮತ್ತು ಸಂಗಡಿಗರು ಒಂದು ಲೆಕ್ಕ ಕೊಟ್ಟರು. ತಂದೆತಾಯಿ ಇಬ್ಬರಿಂದಲೂ ಆ ಐದು ಮಣಿಗಳ ತಟ್ಟೆ ಪಡೆದವರು ಧೂಮಪಾನವನ್ನೂ ಮಾಡಿದರೆ, ಎರಡೂ ಇಲ್ಲದವರಿಗಿಂತ ಸಿಟ್ರುಲಿನ್ ಪ್ರತಿಕಾಯವುಳ್ಳ ಸಂಧಿವಾತದ ಅಪಾಯ 21 ಪಟ್ಟು. ಹೊಗೆ ಹೋಗುವುದು ಶ್ವಾಸಕೋಶಕ್ಕೆ, ಬೇನೆ ಬರುವುದು ಬೆರಳಿಗೆ. ಈ ದೂರದ ಸಂಬಂಧ ಹೇಗೆ? ಹೊಗೆಯಿಂದ ಘಾಸಿಯಾದ ಶ್ವಾಸಕೋಶದಲ್ಲೇ ಪ್ರೋಟೀನುಗಳು ವೇಷ ಬದಲಿಸುತ್ತವೆ, ಮೊದಲ ಕೂಗು ಅಲ್ಲೇ ಏಳುತ್ತದೆ ಎಂಬುದು ಅವರ ವಾದ. ಬೀಡಿಯ ಹೊಗೆಗೂ ಸಿಗರೇಟಿನ ಹೊಗೆಗೂ ಶ್ವಾಸಕೋಶ ಪಂಕ್ತಿಭೇದ ಮಾಡದು.

ಸ್ವೀಡನ್ನಿನವರು ಕಲ್ಲಿನ ಕೆಲಸದ ಸಿಲಿಕಾ ಧೂಳಿಗೂ ಈ ರೋಗಕ್ಕೂ ಸಂಬಂಧ ಕಂಡಿದ್ದಾರೆ. ನಮ್ಮ ಶಹಾಬಾದಿನ ಹಾಸುಗಲ್ಲು ಸುಣ್ಣಕಲ್ಲಿನ ಜಾತಿಯದು. ಸಿಲಿಕಾ ಹೆಚ್ಚಿರುವುದು ಗ್ರಾನೈಟ್, ಮರಳುಗಲ್ಲುಗಳಲ್ಲಿ. ಆದರೂ ಕಲ್ಲು ಕೊರೆಯುವವರು ಯಾವ ಕಲ್ಲಿನ ಧೂಳನ್ನೂ ಹಗುರವೆಣಿಸಬಾರದು. ಮೂಗು ಬಾಯಿಗೆ ಕಟ್ಟಿಕೊಳ್ಳುವುದೂ, ನೀರು ಹಾಕಿ ಕೊರೆಯುವುದೂ ಕೆಲಸದ ಭಾಗವಾಗಬೇಕು. ವಸಡಿನ ದೀರ್ಘ ರೋಗ ತರುವ ಒಂದು ಸೂಕ್ಷ್ಮಜೀವಿಗೂ ಆರ್ಜಿನಿನ್ನನ್ನು ಸಿಟ್ರುಲಿನ್ನಾಗಿಸುವ ತನ್ನದೇ ಕಿಣ್ವವಿದೆಯೆಂಬುದು 1999ರಿಂದ ತಿಳಿದಿದೆ. ಹಲ್ಲಿನ ಆರೈಕೆಗೆ ಇದೂ ಒಂದು ಕಾರಣ ಸೇರಿತು.

ಈ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ಮಹತ್ವದ್ದೆಂದು ತೋರುವುದು 2004ರಲ್ಲಿ ಹಾಲೆಂಡಿನಿಂದ ಬಂದ ಒಂದು ವರದಿ. ಅಲ್ಲಿ 79 ಮಂದಿ ರುಮಟಾಯ್ಡ್ ರೋಗಿಗಳು ರೋಗ ಬರುವ ಮುಂಚೆ ರಕ್ತದಾನ ಮಾಡಿದವರಾಗಿದ್ದರು. ಅವರ ಹಳೆಯ ರಕ್ತದ ಮಾದರಿಗಳು ಶೀತಪೆಟ್ಟಿಗೆಯಲ್ಲಿ ಉಳಿದಿದ್ದವು. ತೆಗೆದು ಪರೀಕ್ಷಿಸಿದರೆ, ಸುಮಾರು ಅರ್ಧ ಜನರ ರಕ್ತದಲ್ಲಿ ಸ್ವಪ್ರತಿಕಾಯಗಳು ನೋವು ಆರಂಭವಾಗುವ ಮೊದಲೇ ಇದ್ದವು. ಮಧ್ಯಮ ಲೆಕ್ಕದಲ್ಲಿ ನಾಲ್ಕೂವರೆ ವರ್ಷ ಮೊದಲು. ಕೆಲವರಲ್ಲಿ ಹದಿಮೂರು ವರ್ಷಕ್ಕೂ ಹಿಂದೆ. ಬೇನೆ ಬಂದ ದಿನ ರೋಗ ಹುಟ್ಟಿದ ದಿನವಲ್ಲ. ಈ ನಡುವಿನ ಅವಧಿಯಲ್ಲೇ ಅದನ್ನು ತಡೆಯಲಾದೀತೇ ಎಂಬ ಪ್ರಯತ್ನ ನಡೆದಿದೆ. ಪ್ರತಿಕಾಯವಿದ್ದು ಕೀಲು ನೋಯಲು ಆರಂಭಿಸಿದ, ಆದರೆ ರೋಗ ಇನ್ನೂ ಪೂರ್ತಿ ತಲೆಯೆತ್ತದ ಜನರಲ್ಲಿ ಅಬಟಾಸೆಪ್ಟ್ ಎಂಬ ಔಷಧ ಅದನ್ನು ಮುಂದೂಡಬಲ್ಲುದೆಂದು 2024ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳು ತೋರಿಸಿದವು.

ಹಾಗಾದರೆ ನಮ್ಮ ನಾಡಿನಲ್ಲಿ ಇದು ಎಷ್ಟು ಜನಕ್ಕಿದೆ? ದೆಹಲಿ ಬಳಿಯ ಹಳ್ಳಿಗಳಲ್ಲಿ ಮಾಡಿ 1993ರಲ್ಲಿ ಪ್ರಕಟಿಸಿದ ಗಣತಿಯಲ್ಲಿ ವಯಸ್ಕರಲ್ಲಿ ನೂರಕ್ಕೆ ಮುಕ್ಕಾಲು ಪಾಲು ಕಂಡಿತು. ಕಲಬುರಗಿಯಿಂದ ಪುಣೆಗೆ ರೈಲಿನಲ್ಲಿ ಹೋಗುವವರು ಸೊಲ್ಲಾಪುರ ದಾಟಿದ ಮೇಲೆ ಭಿಗವಣ ಎಂಬ ನಿಲ್ದಾಣವನ್ನು ನೋಡಿರಬಹುದು. 1996ರಲ್ಲಿ ಪುಣೆಯ ಡಾಕ್ಟರ್ ಅರವಿಂದ ಚೋಪ್ರಾ ಮತ್ತು ಅವರ ತಂಡ ಆ ಊರಿನ ಮನೆಮನೆಗೆ ಹೋಗಿ ನಾಲ್ಕು ಸಾವಿರಕ್ಕೂ ಹೆಚ್ಚು ವಯಸ್ಕರ ಕೀಲುನೋವಿನ ವಿಚಾರ ಕೇಳಿತು. ಅಲ್ಲಿ ಇದು ನೂರಕ್ಕೆ ಸುಮಾರು ಅರ್ಧ. ಅಂದರೆ ಸಾವಿರ ವಯಸ್ಕರ ಒಂದು ಊರಿನಲ್ಲಿ ಐದರಿಂದ ಎಂಟು ಮಂದಿ.

ಈಗ ಮನೆತನದ ಲೆಕ್ಕ ಮಾಡೋಣ. ತಾಯಿಗೋ ಅಕ್ಕನಿಗೋ ಈ ರೋಗವಿದ್ದರೆ ತಮಗೆ ಬರುವ ಸಂಭವ ಇತರರಿಗಿಂತ ಸುಮಾರು ಮೂರು ಪಟ್ಟು. ಮೂರು ಪಟ್ಟು ಎಂದರೆ ಭಯವಾಗುತ್ತದೆ. ಆದರೆ ನೂರಕ್ಕೆ ಒಂದಕ್ಕಿಂತ ಕಡಮೆ ಇರುವುದರ ಮೂರು ಪಟ್ಟು ಎಷ್ಟಾದೀತು? ರೋಗವುಳ್ಳ ತಾಯಂದಿರ ನೂರು ಹೆಣ್ಣುಮಕ್ಕಳಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿಗೆ ಇದು ಬಾರದು. ತಾಯಿಯ ಬೆರಳು ನೋಡಿ ಮಗಳ ಸಂಬಂಧ ತಿರುಗಿಸುವವರು ಹಂದಿಗೋಡಿನ ಲೆಕ್ಕವನ್ನು ಇಲ್ಲಿಗೆ ಹಚ್ಚುತ್ತಿದ್ದಾರೆ, ಲೆಕ್ಕ ತಪ್ಪಿದೆ.

ಇನ್ನು ಔಷಧದ ಕಥೆ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಫಿಲಿಪ್ ಹೆಂಚ್ ಒಬ್ಬ ರೋಗಿಗೆ ಕಾರ್ಟಿಸೋನ್ ಕೊಟ್ಟನು. ಹಾಸಿಗೆ ಹಿಡಿದಿದ್ದಾಕೆ ಕೆಲವೇ ದಿನಗಳಲ್ಲಿ ಎದ್ದು ನಡೆದಳು. 1950ರಲ್ಲಿ ಅವನಿಗೂ, ಕೆಂಡಾಲ್, ರೈಖ್‌ಸ್ಟೈನರಿಗೂ ನೊಬೆಲ್ ಪಾರಿತೋಷಕ ಬಂತು. ಆದರೆ ದೀರ್ಘಕಾಲ ಹೆಚ್ಚಿನ ಪ್ರಮಾಣದಲ್ಲಿ ತೆಗೆದುಕೊಂಡರೆ ಮುಖ ಉಬ್ಬುವುದು, ಮೂಳೆ ಟೊಳ್ಳಾಗುವುದು, ಸಕ್ಕರೆ ಏರುವುದು ಎಂಬ ಸಾಲ ತೀರಿಸಬೇಕಾಗುತ್ತದೆಂಬುದು ಬೇಗನೆ ತಿಳಿಯಿತು. ಹೆಸರಿಲ್ಲದ ಪುಡಿ, ಗುಳಿಗೆಗಳಿಂದ ಎರಡು ದಿನದಲ್ಲಿ ನೋವು ಮಾಯವಾದರೆ ಸಂತೋಷಪಡುವ ಮೊದಲು ಅದರಲ್ಲಿ ಸ್ಟೀರಾಯ್ಡ್ ಬೆರೆತಿದೆಯೇ ಎಂದು ಶಂಕಿಸಬೇಕು.

ನಿಂತು ಕೆಲಸ ಮಾಡುವ ಔಷಧದ ಹಿಂದೆ ನಮ್ಮ ನೆರೆಯ ಆಂಧ್ರದವರೊಬ್ಬರಿದ್ದಾರೆ. ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಸಂಶೋಧನೆಯ ಮುಖಂಡರಾಗಿದ್ದರು. ಫೋಲಿಕ್ ಆಮ್ಲದ ಕೆಲಸ ತಡೆಯುವ ಔಷಧಗಳು 1940ರ ದಶಕದಲ್ಲಿ ಅವರ ತಂಡದಿಂದ ಬಂದವು. ಮಕ್ಕಳ ರಕ್ತದ ಕ್ಯಾನ್ಸರಿಗೆ ಅವು ಮೊದಲು ಬಳಕೆಯಾದವು. 1948ರಲ್ಲಿ ಸುಬ್ಬರಾಯರು ತೀರಿಕೊಂಡರು. ಅದೇ ಬಳಗದ ಮೆಥೊಟ್ರೆಕ್ಸೇಟ್ ಸಣ್ಣ ಪ್ರಮಾಣದಲ್ಲಿ ಸಂಧಿವಾತಕ್ಕೂ ಆದೀತೆಂಬುದು 1980ರ ದಶಕದ ಪ್ರಯೋಗಗಳಿಂದ ಸಿದ್ಧವಾಯಿತು. ಇಂದು ಜಗತ್ತಿನಾದ್ಯಂತ ವೈದ್ಯರು ಸಾಮಾನ್ಯವಾಗಿ ಮೊದಲು ಬರೆಯುವ ಔಷಧ ಅದೇ, ಬೆಲೆಯೂ ಹೆಚ್ಚಲ್ಲ. ಅದು ಸಾಲದವರಿಗೆ, 1992ರಲ್ಲಿ ಲಂಡನ್ನಿನ ಮೈನಿ ಮತ್ತು ಫೆಲ್ಡ್‌ಮನ್ ಮೊದಲು ಪ್ರಯೋಗಿಸಿದ, ಬಾವಿನ ಸಂದೇಶವನ್ನೇ ತಡೆಯುವ ಚುಚ್ಚುಮದ್ದುಗಳ ವರ್ಗವಿದೆ.

ಮೆಥೊಟ್ರೆಕ್ಸೇಟನ್ನು ಸಂಧಿವಾತಕ್ಕೆ ತೆಗೆದುಕೊಳ್ಳುವುದು ವಾರಕ್ಕೆ ಒಂದೇ ದಿನ. ದಿನವೂ ನುಂಗಿದರೆ ಪ್ರಾಣಾಪಾಯವಾಗಬಹುದು. ಮನೆಯಲ್ಲಿ ಓದುಬರಹ ಬಲ್ಲವರು ಹಿರಿಯರಿಗೆ ವಾರದ ದಿನವನ್ನು ಗುರುತು ಹಾಕಿ ಕೊಡುವುದು ದೊಡ್ಡ ಸೇವೆ. ಬಸುರಿಯರೂ, ಬಸುರಾಗಬಯಸುವವರೂ ವೈದ್ಯರಿಗೆ ಮೊದಲೇ ತಿಳಿಸಬೇಕು. ಆಗಾಗ ರಕ್ತಪರೀಕ್ಷೆಯೂ ಬೇಕು.

ಕಲಬುರಗಿಯಲ್ಲಿ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾದದ್ದು 1963ರಲ್ಲಿ. ಅದಕ್ಕೆ ಮುಂಚೆ ಈ ಭಾಗದ ರೋಗಿ ದೊಡ್ಡ ಆಸ್ಪತ್ರೆಗೆಂದು ಹೈದರಾಬಾದಿನ ದಾರಿ ಹಿಡಿಯಬೇಕಾಗಿತ್ತು. ಈಗ ನಗರದಲ್ಲಿ ಒಂದಕ್ಕಿಂತ ಹೆಚ್ಚು ವೈದ್ಯಕೀಯ ಕಾಲೇಜುಗಳಿವೆ; ಶರಣಸಿರಸಗಿಯಿಂದ ಅಲ್ಲಿಗೆ ಬಸ್ಸಿನ ಪ್ರಯಾಣ ಅಲ್ಪಸಮಯದ್ದು. ಆದರೆ ರೋಗಿ ಆ ದೂರವನ್ನು ಕ್ರಮಿಸಲು ಹಲವೊಮ್ಮೆ ವರ್ಷಗಳನ್ನೇ ತೆಗೆದುಕೊಳ್ಳುತ್ತಾನೆ, ಅದರಲ್ಲೂ ರೋಗಿ ಮನೆಯ ಸೊಸೆಯಾದರೆ.

ಆದ್ದರಿಂದ ತಮ್ಮಲ್ಲಿ ಒಂದು ಬಿನ್ನಹ. ಮನೆಯಲ್ಲಿ ಯಾರಿಗಾದರೂ ಎರಡೂ ಕೈಯ ಬೆರಳ ಬುಡ ಬಾತು, ಬೆಳಗಿನ ಬಿಗಿತ ಒಂದು ತಾಸಿನವರೆಗೂ ಇಳಿಯದೆ, ಅದು ಆರು ವಾರ ಮುಂದುವರಿದರೆ ಇನ್ನು ಕಾಯಬೇಡಿ. ವೈದ್ಯರಿಗೆ ಕೈ ತೋರಿಸಿ, ರಕ್ತ ಪರೀಕ್ಷಿಸಿಕೊಳ್ಳಿ. ಮೂಳೆಗೆ ಆಗುವ ಹಾನಿ ಬಹುಮಟ್ಟಿಗೆ ಮೊದಲ ಎರಡು ವರ್ಷಗಳಲ್ಲೇ ಆರಂಭವಾಗುತ್ತದೆ. ಒಮ್ಮೆ ಸವೆದ ಮೂಳೆ ಮರಳಿ ಬಾರದು. ‘ನಮ್ಮವ್ವಗೂ ಇತ್ತು’ ಎಂದು ತಿಳಿದಿರುವವರಿಗೆ ಈ ಎಚ್ಚರ ಇತರರಿಗಿಂತ ಮೊದಲೇ ಬರಬೇಕು. ಅವ್ವನ ಕಾಲದಲ್ಲಿ ಈ ಪರೀಕ್ಷೆಯಾಗಲಿ ಈ ಔಷಧವಾಗಲಿ ಅವಳ ಕೈಗೆ ಎಟಕುವಂತಿರಲಿಲ್ಲ. ಮಗಳಿಗೆ ಎರಡೂ ಊರ ಪಕ್ಕದಲ್ಲೇ ಇವೆ.